ಟ್ಯಾಗೋರರ ಬೆಳ್ಳಿ ನಾಣ್ಯ ಮತ್ತು ಒಂದು ಚಿಟಿಕೆ ವಿಭೂತಿ

ರವೀಂದ್ರನಾಥ ಟ್ಯಾಗೋರರು ಹುಟ್ಟಿ 150 ವರ್ಷ ತುಂಬಿದಾಗ, 2011ರಲ್ಲಿ, ಭಾರತ ಸರ್ಕಾರ 150 ರೂಪಾಯಿ ಮುಖಬೆಲೆಯ ನಾಣ್ಯ ಹೊರಡಿಸಿತು. ಅದರ ಜೊತೆ ಬಂದ 5 ರೂಪಾಯಿ ನಾಣ್ಯ ನನಗೆ ಚಿಲ್ಲರೆಯಲ್ಲೇ ಸಿಕ್ಕಿತ್ತು. ದೊಡ್ಡದು ಹಾಗೆ ಕೈಗೆ ಬರುವಂಥದ್ದಲ್ಲ, ಇನ್ನೊಬ್ಬ ಸಂಗ್ರಾಹಕರಿಂದ ಕೊಂಡುಕೊಂಡೆ.

ಬಂದ ದಿನವೇ ತೂಗಿದೆ, 35 ಗ್ರಾಂ. ಕ್ಯಾಲಿಪರ್ ಹಿಡಿದು ಅಳೆದರೆ ಅಡ್ಡಳತೆ 44 ಮಿಲಿಮೀಟರ್. ಅಯಸ್ಕಾಂತಕ್ಕೆ ಅಂಟಲಿಲ್ಲ. ಇಷ್ಟರಿಂದಲೇ ಅಸಲಿ ಅನ್ನೋಕಾಗಲ್ಲ, ಆದರೆ ಅಗ್ಗದ ನಕಲಿಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಕಂದು ಬಣ್ಣ ಕೂತಿತು. ಇದರಲ್ಲಿ ಬೆಳ್ಳಿ ಅರ್ಧ ಮಾತ್ರ. ತಾಮ್ರ 40%, ನಿಕಲ್ 5%, ಸತು 5%. ಇಷ್ಟೊಂದು ತಾಮ್ರ ಇದ್ದರೆ ಬಣ್ಣ ತಿರುಗೋದು ಸಹಜ ಅಲ್ವಾ? ಆಗ ನನಗೆ ಅದು ಹೊಳೆಯಲಿಲ್ಲ. ಮನೆಯಲ್ಲಿ ಬೆಳ್ಳಿ ದೀಪ ತಿಕ್ಕುವ ಹಾಗೆ ಒಂದು ಚಿಟಿಕೆ ವಿಭೂತಿ ಹಾಕಿ ಬಟ್ಟೆಯಲ್ಲಿ ಉಜ್ಜಿದೆ. ಫಳಫಳ ಅಂತು. ಖುಷಿಯಾಗಿ ಭೂತಗನ್ನಡಿ ಹಿಡಿದು ನೋಡಿದರೆ ಟ್ಯಾಗೋರರ ಮುಖದ ಸುತ್ತ ಕೂದಲೆಳೆಯಂಥ ಗೀರುಗಳು, ಗಡ್ಡದ ಉಬ್ಬುಗೆರೆಗಳ ತುದಿ ಸವೆದು ಮೊಂಡಾಗಿತ್ತು. ಅವತ್ತು ನಿಜಕ್ಕೂ ಹೊಟ್ಟೆ ಉರಿಯಿತು. ಬಣ್ಣ ತಿರುಗಿದ ನಾಣ್ಯಕ್ಕೆ ಬೆಲೆ ಇರುತ್ತೆ, ಉಜ್ಜಿದ್ದಕ್ಕೆ ಸಂಗ್ರಾಹಕರು ಕೈ ಹಾಕಲ್ಲ.

ಎರಡು ವರ್ಷ ದುಡ್ಡು ಕೂಡಿಟ್ಟು ಅದೇ ನಾಣ್ಯದ ಪ್ರೂಫ್ ಕೊಂಡೆ. ಪ್ರೂಫ್ ಅಂದರೆ ಪಾಲಿಶ್ ಮಾಡಿದ ಅಚ್ಚಿನಿಂದ ಒಂದಕ್ಕಿಂತ ಜಾಸ್ತಿ ಸಲ ಒತ್ತಿ ತೆಗೆದದ್ದು, ಹಿನ್ನೆಲೆ ಕನ್ನಡಿಯಂತೆ, ಮುಖ ಮಂಜು ಕವಿದಂತೆ ಇರುತ್ತದೆ. ಒಂದು ಬೆರಳಚ್ಚು ಬಿದ್ದರೂ ಸಾಕು, ಕೆಲವು ತಿಂಗಳಲ್ಲಿ ಅದೇ ಆಕಾರದ ಕಲೆ ಏಳುತ್ತದೆ. ಅದಕ್ಕೇ ಈಗ ಹತ್ತಿ ಕೈಗವಸು ಹಾಕಿ ಅಂಚು ಮಾತ್ರ ಹಿಡಿಯುತ್ತೇನೆ, ಕೆಳಗೆ ಮೆತ್ತನೆ ಬಟ್ಟೆ ಹಾಸಿರುತ್ತೇನೆ. ನಾಣ್ಯ ಇಡೋದು ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಒಳಗೆ, ಅದನ್ನಿಡುವ ಡಬ್ಬಿಯಲ್ಲಿ ತೇವ ಹೀರೋಕೆ ಸಿಲಿಕಾ ಜೆಲ್. ರಬ್ಬರ್ ಬ್ಯಾಂಡ್ ಹತ್ತಿರ ಬಿಡಲ್ಲ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ವಾಸನೆ ಬರುವ ಮೆತ್ತನೆ ಪಿವಿಸಿ ಹಾಳೆಗಳ ಆಲ್ಬಮ್ ಅಂತೂ ಬೇಡವೇ ಬೇಡ, ಹಸಿರು ಅಂಟು ಕೂರುತ್ತದೆ. ಹಾಗೆ ಕೂತ ಇನ್ನೊಂದು ನಾಣ್ಯವನ್ನು ಅಂಟು ಕರಗಿಸುವ ಶುದ್ಧ ಅಸಿಟೋನ್ ದ್ರಾವಕದಲ್ಲಿ ಅದ್ದಿ, ಉಜ್ಜದೆ, ಹಾಗೇ ಒಣಗಲು ಬಿಟ್ಟೆ. ಅಂಟು ಹೋಯಿತು.

ವಿಭೂತಿ ಹಾಕಿದ ನಾಣ್ಯವನ್ನು ಮಾರಿಲ್ಲ. ಗೀರುಗಳ ಮೇಲೆ ಈಗ ಮತ್ತೆ ತೆಳ್ಳಗೆ ಕಂದು ಬಣ್ಣ ಹರಡುತ್ತಿದೆ, ಈ ಸಲ ಮುಟ್ಟದೆ ಬಿಟ್ಟಿದ್ದೇನೆ.