ವಿಕಿಗೆ ನುಗ್ಗುವ ಬಾಟ್‌ಗಳನ್ನು ಬಾಗಿಲಲ್ಲೇ ತಡೆಯೋದು ಹೇಗೆ

ಹಳೇ ರೇಡಿಯೋ ರಿಪೇರಿ ಬಗ್ಗೆ ನಾವು ಹತ್ತು ಹನ್ನೆರಡು ಜನ ಸೇರಿ ಒಂದು ವಿಕಿ ನಡೆಸುತ್ತೇವೆ. ಸಾಫ್ಟ್‌ವೇರ್ ಮೀಡಿಯಾವಿಕಿ. ವಿಕಿಪೀಡಿಯ ಓಡೋದೂ ಅದರ ಮೇಲೆಯೇ. ಒಂದು ಸೋಮವಾರ ಬೆಳಿಗ್ಗೆ 'ಇತ್ತೀಚೆಗಿನ ಬದಲಾವಣೆಗಳು' ಪುಟ ತೆರೆದರೆ ತುಂಬಾ ಹೊಸಬರೇ. ಯಾರದೋ ಮೊದಲ ಹೆಸರು, ಇನ್ಯಾರದೋ ಮನೆತನದ ಹೆಸರು, ಹಿಂದೆ ನಾಲ್ಕು ಅಂಕಿ. ಒಬ್ಬೊಬ್ಬರೂ ಒಂದೊಂದು ಪುಟ ಬರೆದಿದ್ದರು. ತೂಕ ಇಳಿಸುವ ಮಾತ್ರೆ, ಸಾಲ, ಜೂಜು. ಟ್ರಾನ್ಸಿಸ್ಟರ್ ಪುಟವನ್ನೂ ಯಾರೋ ಮುಟ್ಟಿದ್ದರು, ಆದರೆ ನೋಡಿದರೆ ಏನೂ ಬದಲಾಗಿರಲಿಲ್ಲ. ಎಡಿಟ್ ಒತ್ತಿದಾಗ ಗೊತ್ತಾಯಿತು. ತೀರಾ ಕೆಳಗೆ, ಒಂದು ಪಿಕ್ಸೆಲ್ ಎತ್ತರದ ಡಬ್ಬಿಯೊಳಗೆ ಮೂವತ್ತು ಲಿಂಕ್ ತುರುಕಿದ್ದರು. ಓದುವವರ ಕಣ್ಣಿಗೆ ಬೀಳಬಾರದು, ಸರ್ಚ್ ಎಂಜಿನ್‌ಗೆ ಸಿಗಬೇಕು, ಅಷ್ಟೇ.

ತಮಾಷೆ ಅಂದರೆ ಆ ಲಿಂಕ್‌ಗಳಿಂದ ಅವರಿಗೆ ಹೆಚ್ಚೇನೂ ಸಿಗೋದಿಲ್ಲ. ಮೀಡಿಯಾವಿಕಿ ಹೊರಗಿನ ಲಿಂಕ್‌ಗಳಿಗೆಲ್ಲ ತಾನಾಗಿಯೇ 'ನೋಫಾಲೋ' ಗುರುತು ಹಾಕುತ್ತದೆ. ಈ ಲಿಂಕ್ ನೋಡಿ ಆ ಸೈಟ್‌ಗೆ ಅಂಕ ಕೊಡಬೇಡ ಅಂತ ಸರ್ಚ್ ಎಂಜಿನ್‌ಗೆ ಹೇಳುವ ಗುರುತು ಅದು. ಗೂಗಲ್ 2005ರಲ್ಲೇ ತಂದದ್ದು. ಆದರೂ ಬಾಟ್, ಅಂದರೆ ಮನುಷ್ಯರಿಲ್ಲದೆ ತಾನಾಗಿಯೇ ಓಡುವ ಪ್ರೋಗ್ರಾಮ್, ಬರುತ್ತದೆ. ಅದು ನಿಮ್ಮ ವಿಕಿಯನ್ನು ಓದಿ ಆರಿಸಿ ಬಂದದ್ದಲ್ಲ. ಒಂದೇ ಥರದ ಫಾರ್ಮ್ ಸಿಕ್ಕ ಕಡೆಯೆಲ್ಲ ತುಂಬಿ ಮುಂದೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಕೀಲಿ ಇಲ್ಲೇ ಇದೆ. ಬಾಟ್‌ಗಿಂತ ಜಾಣರಾಗಬೇಕಿಲ್ಲ, ನಿಮ್ಮ ಬಾಗಿಲು ಬೇರೆಯವರ ಬಾಗಿಲಿನ ಹಾಗೆ ಇರದಿದ್ದರೆ ಸಾಕು.

ದಾಳಿ ನಡೀತಾ ಇದ್ದರೆ ಮೊದಲು ಹೊಸ ಖಾತೆ ತೆರೆಯುವುದನ್ನು ಒಂದೆರಡು ದಿನ ನಿಲ್ಲಿಸಿ. ಲಾಗಿನ್ ಆಗದವರು ಎಡಿಟ್ ಮಾಡುವುದನ್ನೂ ನಿಲ್ಲಿಸಿ. ಎರಡೂ 'ಲೋಕಲ್ ಸೆಟ್ಟಿಂಗ್ಸ್' ಫೈಲಿನಲ್ಲಿ ಒಂದೊಂದು ಸಾಲಿನ ಕೆಲಸ. ಆ ಫೈಲನ್ನು ಮುಟ್ಟುವ ಮೊದಲು ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ಒಂದು ಅರ್ಧವಿರಾಮ ತಪ್ಪಿದರೂ ಇಡೀ ವಿಕಿ ಬಿಳಿ ಪುಟ ಆಗಿಬಿಡುತ್ತದೆ. ನನಗೆ ಆಗಿದೆ.

ಆಮೇಲೆ ಬಾಗಿಲಿನ ಪ್ರಶ್ನೆ. 'ಕನ್‌ಫರ್ಮ್ ಎಡಿಟ್' ಅನ್ನುವ ಎಕ್ಸ್‌ಟೆನ್ಷನ್ (ಬೇಕೆಂದಾಗ ಆನ್ ಮಾಡುವ ಹೆಚ್ಚುವರಿ ಭಾಗ) ಮೀಡಿಯಾವಿಕಿ ಜೊತೆಗೇ ಬರುತ್ತದೆ. ಸುಮ್ನೆ ಆನ್ ಮಾಡಿದರೆ ಅದು ಕೂಡುವ ಕಳೆಯುವ ಲೆಕ್ಕ ಕೇಳುತ್ತದೆ. ನಾನು ಮೊದಲು ಅಷ್ಟಕ್ಕೇ ಬಿಟ್ಟು ನೆಮ್ಮದಿಯಾಗಿದ್ದೆ. ಕಂಪ್ಯೂಟರ್‌ಗೆ ಲೆಕ್ಕ ಕೇಳಿ ಮನುಷ್ಯನಾ ಅಂತ ಪರೀಕ್ಷೆ ಮಾಡೋದು! ಅದು ಬೇಡ. ಅದರೊಳಗೇ 'ಕ್ವೆಸ್ಟಿ ಕ್ಯಾಪ್ಚಾ' ಅಂತ ಇದೆ, ಅದನ್ನು ಆರಿಸಿ. ಅದರಲ್ಲಿ ಪ್ರಶ್ನೆಯೂ ನಿಮ್ಮದೇ, ಉತ್ತರವೂ ನಿಮ್ಮದೇ.

ಪ್ರಶ್ನೆ ಬರೆಯೋದೇ ಒಂದು ಕಲೆ. ನಾನು ಮೊದಲು ಹಾಕಿದ್ದು, 'ಬೆಸುಗೆ ಹಾಕುವಾಗ ಐರನ್ ಬಿಸಿ ಇರಬೇಕೋ ತಣ್ಣಗಿರಬೇಕೋ?' ಬಾಟ್ ಕಣ್ಣು ಮುಚ್ಚಿಕೊಂಡು ಒಂದು ಪದ ಎಸೆದರೂ ಅರ್ಧಕ್ಕರ್ಧ ಸಲ ಸರಿಯಾಗುತ್ತದೆ, ಅಲ್ವಾ? ಎರಡನೇದು, 'ಈ ವಿಕಿಯ ಹೆಸರೇನು?' ಹೆಸರು ಅದೇ ಪುಟದ ನೆತ್ತಿಯ ಮೇಲಿತ್ತು. ಮೂರನೇದು ನಿಂತಿತು: 'ರೇಡಿಯೋದಲ್ಲಿ ಶಬ್ದ ಹೊರಗೆ ಬರುವ ಭಾಗ ಯಾವುದು?' ಸ್ಪೀಕರ್ ಅಂದರೂ ಸರಿ, ಸ್ಪೀಕರು ಅಂದರೂ ಸರಿ, ಧ್ವನಿವರ್ಧಕ ಅಂದರೂ ಸರಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸರಿ. ಒಂದು ಪ್ರಶ್ನೆಗೆ ಎಷ್ಟು ಉತ್ತರ ಬೇಕಾದರೂ ಕೊಡಬಹುದು, ಧಾರಾಳವಾಗಿ ಕೊಡಿ. ಕನ್ನಡ ಕೀಬೋರ್ಡ್ ಇಲ್ಲದವರು ಹೊರಗೇ ಉಳಿಯಬಾರದು ನೋಡಿ. ಚಿತ್ರ ತೋರಿಸಿ ಕೇಳುವ ಪ್ರಶ್ನೆ ನನಗೆ ಇಷ್ಟವಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಬಂದರೆ ಅವರಿಗೆ ದಾರಿಯೇ ಇರುವುದಿಲ್ಲ.

ಈಗಿನ ಎಐ ಇಂಥ ಪ್ರಶ್ನೆಗೆ ಉತ್ತರ ಕೊಡಲಾರದಾ? ಕೊಡುತ್ತದೆ. ಬಾಟ್ ಓಡಿಸುವವನೇ ಒಂದು ಸಲ ಕೂತು ಉತ್ತರ ತುಂಬಿಕೊಂಡರೂ ಕಥೆ ಮುಗಿಯಿತು. ಹಾಗಾಗಿ ನಾಲ್ಕೈದು ಪ್ರಶ್ನೆ ಇಟ್ಟಿರಿ. ಹೊಸ ಖಾತೆಗಳು ಇದ್ದಕ್ಕಿದ್ದಂತೆ ಜಾಸ್ತಿಯಾದ ದಿನ ಎಲ್ಲವನ್ನೂ ಬದಲಿಸಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹಳಬರಿಗೆ ಮತ್ತೆ ಮತ್ತೆ ಪ್ರಶ್ನೆ ಕೇಳಬಾರದು ಅಂತ 'ಆಟೋಕನ್‌ಫರ್ಮ್ಡ್' ಗುಂಪಿಗೆ ವಿನಾಯಿತಿ ಕೊಡುತ್ತೇವೆ. ಆದರೆ ಹೊಸದಾಗಿ ಹಾಕಿದ ಮೀಡಿಯಾವಿಕಿಯಲ್ಲಿ ಆ ಗುಂಪಿಗೆ ಸೇರಲು ಬೇಕಾದ ದಿನ 0, ಎಡಿಟ್ 0. ಅಂದರೆ ಖಾತೆ ತೆರೆದ ಕ್ಷಣವೇ ಬಾಟ್ ಕೂಡ ಹಳಬ! ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು 4 ದಿನ, 10 ಎಡಿಟ್. ನಾವೂ ಅದನ್ನೇ ಇಟ್ಟಿದ್ದೇವೆ.

ಪ್ರಶ್ನೆ ದಾಟಿ ಬಂದವರಿಗೆ ಎರಡನೇ ಬಾಗಿಲು 'ಅಬ್ಯೂಸ್ ಫಿಲ್ಟರ್'. ನಾವು ಬರೆದ ನಿಯಮಕ್ಕೆ ಸಿಕ್ಕ ಎಡಿಟ್ಟನ್ನು ಹಿಡಿಯುವ ಎಕ್ಸ್‌ಟೆನ್ಷನ್ ಅದು. 1.38ನೇ ಆವೃತ್ತಿಯಿಂದ ಇದೂ ಮೀಡಿಯಾವಿಕಿ ಜೊತೆಗೇ ಬರುತ್ತಿದೆ. ನನ್ನ ಮೊದಲ ಫಿಲ್ಟರಿನ ಮಾತು ಇಷ್ಟೇ: ಎಡಿಟ್ ಮಾಡುತ್ತಿರುವವರ ಒಟ್ಟು ಎಡಿಟ್ 5ಕ್ಕಿಂತ ಕಡಿಮೆ, ಹೊಸದಾಗಿ ಸೇರಿಸಿದ್ದರಲ್ಲಿ ಹೊರಗಿನ ಲಿಂಕ್ ಇದೆ, ಹಾಗಾದರೆ ತಡೆ. ಎರಡನೇದು, ಖಾತೆಯ ಮೊದಲ ಎಡಿಟ್ಟೇ ತನ್ನ ಸದಸ್ಯ ಪುಟ ಆಗಿದ್ದು ಅದರಲ್ಲಿ ಲಿಂಕ್ ಇದ್ದರೆ ತಡೆದು ಖಾತೆಯನ್ನೂ ಬ್ಲಾಕ್ ಮಾಡು. ಬಾಟ್‌ಗಳಿಗೆ ಸದಸ್ಯ ಪುಟ ಅಂದರೆ ಬಲು ಪ್ರೀತಿ. ಅಲ್ಲಿ ಯಾರೂ ಹೋಗಿ ನೋಡೋದಿಲ್ಲ ಅಂತ ಇರಬೇಕು.

ಫಿಲ್ಟರ್ ಬರೆದ ತಕ್ಷಣ ತಡೆ ಹಾಕಬೇಡಿ. ಒಂದು ವಾರ ಬರೀ ಲಾಗ್ ಮಾಡಲು ಬಿಡಿ, ಯಾರು ಸಿಗುತ್ತಾರೆ ನೋಡಿ. ನಮ್ಮಲ್ಲಿ ಮೊದಲ ವಾರವೇ ಒಬ್ಬರು ಪಾಪ ವಾಲ್ವ್‌ನ ಡೇಟಾಶೀಟ್ ಲಿಂಕ್ ಹಾಕಲು ಬಂದು ಸಿಕ್ಕಿಬಿದ್ದರು. ಅದಕ್ಕೇ ತಡೆಯುವಾಗ ತೋರಿಸುವ ಸಂದೇಶವನ್ನು ಮನುಷ್ಯರಿಗೆ ಅಂತ ಬರೆಯಿರಿ. ನಮ್ಮದು ಹೀಗಿದೆ: 'ಹೊಸಬರು ಲಿಂಕ್ ಹಾಕಲು ಸ್ವಲ್ಪ ಕಾಯಬೇಕು. ಈಗಲೇ ಬೇಕಿದ್ದರೆ ಲಿಂಕ್ ಇಲ್ಲದೆ ಬರೆದು ಚರ್ಚೆ ಪುಟದಲ್ಲಿ ಒಂದು ಮಾತು ಹೇಳಿ, ನಾವು ಸೇರಿಸುತ್ತೇವೆ.'

'ಸ್ಪ್ಯಾಮ್ ಬ್ಲ್ಯಾಕ್‌ಲಿಸ್ಟ್' ಎಕ್ಸ್‌ಟೆನ್ಷನ್ನೂ ಆನ್ ಮಾಡಿ. ವಿಕಿಪೀಡಿಯ ನಡೆಸುವ ವಿಕಿಮೀಡಿಯದವರು ತಮ್ಮ ಮೆಟಾ ವಿಕಿಯಲ್ಲಿ ಇಟ್ಟಿರುವ ಕೆಟ್ಟ ಸೈಟ್‌ಗಳ ಪಟ್ಟಿಯನ್ನು ಅದು ತಾನೇ ತಂದುಕೊಳ್ಳುತ್ತದೆ. ನಿಮ್ಮದೇ ಪದಗಳನ್ನು ಸೇರಿಸುವಾಗ ಮಾತ್ರ ಹುಷಾರು. ಸಿಯಾಲಿಸ್ ಅನ್ನೋ ಮಾತ್ರೆಯ ಹೆಸರು ಇಂಗ್ಲಿಷ್‌ನ 'ಸ್ಪೆಷಲಿಸ್ಟ್' ಪದದ ಸ್ಪೆಲ್ಲಿಂಗ್ ಒಳಗೆ ಪೂರ್ತಿ ಅಡಗಿ ಕೂತಿದೆ. ನಂಬಿಕೆ ಬರದಿದ್ದರೆ ಬರೆದು ನೋಡಿ.

ಐಪಿ ಬ್ಲಾಕ್, ಅಂದರೆ ಇಂಟರ್ನೆಟ್ ವಿಳಾಸ ನೋಡಿ ತಡೆಯೋದು, ಅದರ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೇದಲ್ಲ. ಆ ಸೋಮವಾರ ಸಿಟ್ಟಿನಲ್ಲಿ ಒಂದು ದೊಡ್ಡ ರೇಂಜನ್ನೇ ಮುಚ್ಚಿದೆ. '/16' ಅನ್ನುವ ರೇಂಜ್, ಅಂದರೆ ಒಟ್ಟಿಗೆ 65,536 ವಿಳಾಸ. ಲಾಗಿನ್ ಆದವರನ್ನೂ ತಡೆಯುವ ಗುರುತನ್ನೂ ಒತ್ತಿದ್ದೆ. ಮರುದಿನ ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಬರೆಯುವ ಹಿರಿಯರ ಫೋನ್: 'ಏನಪ್ಪಾ, ನನ್ನನ್ನೇ ಆಚೆ ಹಾಕಿದ್ದೀಯಲ್ಲ, ನಾನೇನು ಮಾತ್ರೆ ಮಾರಿದ್ನಾ?' ಬಾಟ್‌ಗಳು ಅಷ್ಟರೊಳಗೆ ಬೇರೆ ವಿಳಾಸದಿಂದ ಬರುತ್ತಿದ್ದವು. ಐಪಿ ಮುಚ್ಚಲೇಬೇಕು ಅಂದರೆ ಚಿಕ್ಕ ರೇಂಜ್, ಕೆಲವು ದಿನ ಮಾತ್ರ. ಆ ವಿಳಾಸ ನಾಳೆ ಇನ್ಯಾರದೋ ಪಾಲಾಗುತ್ತದೆ.

ಇನ್ನು ಕಸ ಗುಡಿಸೋದು. ಹೊಸ ಪುಟಗಳಿಗೆ 'ನ್ಯೂಕ್' ಅನ್ನುವ ಎಕ್ಸ್‌ಟೆನ್ಷನ್ ಇದೆ. ಖಾತೆಯ ಹೆಸರು ಕೊಟ್ಟರೆ ಅದು ಮಾಡಿದ ಪುಟಗಳನ್ನೆಲ್ಲ ಪಟ್ಟಿ ಮಾಡಿ ಒಂದೇ ಏಟಿಗೆ ಅಳಿಸುತ್ತದೆ. ಇತ್ತೀಚೆಗಿನ ಬದಲಾವಣೆಗಳ ದಾಖಲೆ ಸಾಮಾನ್ಯವಾಗಿ 90 ದಿನ ಉಳಿಯುತ್ತದೆ, ನ್ಯೂಕ್ ನಂಬಿರೋದು ಅದನ್ನೇ. ಹಾಗಾಗಿ ಆಮೇಲೆ ಮಾಡಿದರಾಯಿತು ಅಂತ ಮುಂದೂಡಬೇಡಿ. ಹಳೇ ಪುಟಗಳಲ್ಲಿ ತುರುಕಿದ್ದನ್ನು ರೋಲ್‌ಬ್ಯಾಕ್ ಮಾಡಬೇಕು, ಅಂದರೆ ಪುಟವನ್ನು ಹಿಂದಿನ ರೂಪಕ್ಕೆ ತರಬೇಕು. ಹಾಗೆ ಮಾಡುವಾಗ ಒಂದು ಪಿಕ್ಸೆಲ್ ಡಬ್ಬಿಯನ್ನು ನೆನಪಿಡಿ. ಪುಟ ನೋಡಿ ತೃಪ್ತಿಪಡಬೇಡಿ, ಹೊರಗಿನ ಲಿಂಕ್ ಹುಡುಕುವ ವಿಶೇಷ ಪುಟದಲ್ಲಿ ಆ ಸೈಟಿನ ವಿಳಾಸ ಹಾಕಿ ನೋಡಿ. ನಮ್ಮ ಕೆಪಾಸಿಟರ್ ಪುಟದಲ್ಲಿ ಇನ್ನೊಂದು ಡಬ್ಬಿ ಸಿಕ್ಕಿದ್ದು ಹಾಗೆಯೇ.

ಇದೆಲ್ಲ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಉಳಿಯೋದು ವಾರಕ್ಕೊಮ್ಮೆ ಫಿಲ್ಟರ್ ಲಾಗ್ ನೋಡುವ ಕೆಲಸ. ಹತ್ತು ನಿಮಿಷ ಸಾಕು. ಕಳೆದ ವಾರ ನೋಡಿದರೆ ಬಾಟ್‌ಗಳ ಸಾಲಿನ ನಡುವೆ ಒಬ್ಬರು ಒಂದೇ ಎಡಿಟ್ಟನ್ನು ಮೂರು ಸಲ ಒತ್ತಿದ್ದರು. ಮೂರನೇ ಸಲ ಕಾರಣದ ಜಾಗದಲ್ಲಿ 'ಸರ್ಕ್ಯೂಟ್ ಚಿತ್ರದ ಲಿಂಕ್ ರೀ, ದಯವಿಟ್ಟು' ಅಂತ ಬರೆದಿದ್ದರು. ಲಿಂಕನ್ನು ನಾನೇ ಸೇರಿಸಿ, ಅವರ ಚರ್ಚೆ ಪುಟದಲ್ಲಿ ಕ್ಷಮೆ ಕೇಳಿ ಬಂದೆ.