ಬೆಲೆಪಟ್ಟಿಯಿಂದ ಸ್ಟಾಕ್ ಟೇಬಲ್‌ಗೆ: ಅಪ್‌ಡೇಟ್ ಕಲಿತ ನನ್ನ ಅನುಭವ

ನಾನು ಪುಸ್ತಕದಂಗಡಿಯೊಂದರಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಓದಿದವಳಲ್ಲ, ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯುತ್ತಿರುವುದು ಕೆಲಸದ ಮಧ್ಯೆಯೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ನಮ್ಮದು 'ಪುಸ್ತಕ' ಅಂತ ಒಂದು ಟೇಬಲ್. ಪ್ರಕಾಶಕರ ಹೊಸ ಬೆಲೆಪಟ್ಟಿ ಬಂದಾಗ ಅದನ್ನು 'ಹೊಸಬೆಲೆ' ಎಂಬ ಇನ್ನೊಂದು ಟೇಬಲ್‌ಗೆ ಹಾಕಿ, ಅಲ್ಲಿಂದ ಇಲ್ಲಿಗೆ ಬೆಲೆ ತರಬೇಕು.

ಆಜ್ಞೆ ಚಿಕ್ಕದು. ಕನ್ನಡದಲ್ಲಿ ಬರೆದರೆ ಹೀಗೆ (ಟೈಪ್ ಮಾಡುವುದು ಇಂಗ್ಲಿಷಿನಲ್ಲೇ):

ಅಪ್‌ಡೇಟ್ ಪುಸ್ತಕ ಸೆಟ್ ಬೆಲೆ = ಹೊಸಬೆಲೆ.ಬೆಲೆ ಫ್ರಮ್ ಹೊಸಬೆಲೆ ವೇರ್ ಪುಸ್ತಕ.ಐಎಸ್‌ಬಿಎನ್ = ಹೊಸಬೆಲೆ.ಐಎಸ್‌ಬಿಎನ್

ಅಂದರೆ, ಎರಡೂ ಟೇಬಲ್‌ನಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಒಂದೇ ಇದ್ದ ಕಡೆ ಹೊಸ ಬೆಲೆ ಹಾಕು ಅಂತ. ಸೆಟ್ ಆದ ಮೇಲೆ ಎಡಗಡೆ ಬರೀ ಕಾಲಮ್ ಹೆಸರು ಸಾಕು, ಟೇಬಲ್ ಹೆಸರು ಸೇರಿಸಿದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಜಾಯಿನ್ (ಎರಡು ಟೇಬಲ್ ಜೋಡಿಸುವುದು) ಮೊದಲು, ಸೆಟ್ ಆಮೇಲೆ. ಎಸ್‌ಕ್ಯೂಎಲೈಟ್ ಎಂಬ ಮತ್ತೊಂದು ಡೇಟಾಬೇಸ್‌ಗೆ ಈ ಫ್ರಮ್ ಬಂದದ್ದೇ 2020ರಲ್ಲಿ, 3.33ನೇ ಆವೃತ್ತಿಯಲ್ಲಿ. ಸೆಟ್ ಒಳಗೇ ಒಂದು ಸೆಲೆಕ್ಟ್ (ಸಾಲುಗಳನ್ನು ಆರಿಸಿ ತೋರಿಸುವ ಆಜ್ಞೆ) ಬರೆಯುವ ದಾರಿಯೂ ಇದೆ, ಆದರೆ ಅಲ್ಲಿ ವೇರ್ ಹಾಕದಿದ್ದರೆ ಹೊಸ ಪಟ್ಟಿಯಲ್ಲಿ ಇಲ್ಲದ ಪುಸ್ತಕಗಳ ಬೆಲೆಯೆಲ್ಲ ನಲ್, ಅಂದರೆ ಖಾಲಿ, ಆಗಿಬಿಡುತ್ತದೆ. ಹಾಗಾಗಿ ನನಗೆ ಫ್ರಮ್ ದಾರಿಯೇ ಇಷ್ಟ.

ನಿಜವಾದ ಕೆಲಸ ಇರುವುದು ಅಪ್‌ಡೇಟ್‌ನಲ್ಲಲ್ಲ, ಎರಡು ಟೇಬಲ್‌ನ ಸಾಲುಗಳು ಸರಿಯಾಗಿ ಹೊಂದುತ್ತವೆಯಾ ಎಂಬುದರಲ್ಲಿ. ಅದಕ್ಕೇ ನಾನು ಮೊದಲು ಅದೇ ಷರತ್ತಿನ ಸೆಲೆಕ್ಟ್ ಓಡಿಸುತ್ತೇನೆ. ಹಳೆ ಬೆಲೆ, ಹೊಸ ಬೆಲೆ ಅಕ್ಕಪಕ್ಕ ಕಾಣಬೇಕು. ಆಮೇಲೆ ಲೆಫ್ಟ್ ಜಾಯಿನ್ ಹಾಕಿ ಜೋಡಿ ಸಿಗದ ಪುಸ್ತಕ ಯಾವುವು ಅಂತ ನೋಡುತ್ತೇನೆ.

ಆ ಪಟ್ಟಿ ನೋಡಿದರೆ ಎಷ್ಟೊಂದು ವಿಷಯ ಗೊತ್ತಾಗುತ್ತದೆ! ಒಬ್ಬ ಪ್ರಕಾಶಕರು ಐಎಸ್‌ಬಿಎನ್ ಮಧ್ಯೆ ಅಡ್ಡಗೆರೆ ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಅದನ್ನು ರಿಪ್ಲೇಸ್ ಬಳಸಿ ತೆಗೆಯಬಹುದು. 13 ಅಂಕಿಯ ನಂಬರನ್ನು ಎಕ್ಸೆಲ್ ತನ್ನಷ್ಟಕ್ಕೆ 9.78ಇ+12 ಅಂತ ತೋರಿಸಿ, ಪಟ್ಟಿ ಹಾಗೆಯೇ ಸಿಎಸ್‌ವಿ ಫೈಲ್ ಆಗಿ ಸೇವ್ ಆಗಿದ್ದರೆ ಏನೂ ಮಾಡಲಾಗದು, ಕಾಲಮ್ಮನ್ನು ಟೆಕ್ಸ್ಟ್ ಮಾಡಿ ಪಟ್ಟಿಯನ್ನು ಮತ್ತೆ ಕಳಿಸಿ ಅಂತ ಕೇಳಲೇಬೇಕು. 2007ಕ್ಕೆ ಮೊದಲಿನ ಪುಸ್ತಕಗಳಲ್ಲಿ ಇರುವುದು 10 ಅಂಕಿ. ಸುಮ್ನೆ ಮುಂದೆ 978 ಸೇರಿಸಿದರೆ ಸಾಲದು, ಕೊನೆಯ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಹಾಗಾದರೆ ಹೆಸರಿನಿಂದಲೇ ಹೊಂದಿಸಬಹುದಲ್ವಾ? ದಯವಿಟ್ಟು ಬೇಡ. ಒಂದೇ ಹೆಸರಿನ ಪುಸ್ತಕ ಬೇರೆ ಬೇರೆ ಪ್ರಕಾಶಕರಲ್ಲಿ ಇರುತ್ತದೆ. ಕನ್ನಡದಲ್ಲಂತೂ ತೊಂದರೆ ಜಾಸ್ತಿ: ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರು ಯೂನಿಕೋಡ್ ಹೆಸರಿಗೆ ಹೊಂದುವುದೇ ಇಲ್ಲ, ಎರಡೂ ಯೂನಿಕೋಡ್ ಆಗಿದ್ದರೂ ಅರ್ಧಾಕ್ಷರದ ನಂತರ ಒಂದು ಕಡೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡಿದ್ದರೆ ನಮಗೆ ಒಂದೇ ಪದ, ಡೇಟಾಬೇಸ್‌ಗೆ ಬೇರೆ ಬೇರೆ. ಐಎಸ್‌ಬಿಎನ್ ಇಲ್ಲದ ಕನ್ನಡ ಪುಸ್ತಕಗಳಿಗೆ ನಾನು ಈಗಲೂ ಬೆಲೆಯನ್ನು ಕೈಯಲ್ಲೇ ತಿದ್ದುತ್ತೇನೆ.

ಇನ್ನೊಂದು ಮುಖ್ಯ ವಿಷಯ. ಹೊಸ ಪಟ್ಟಿಯಲ್ಲಿ ಒಂದೇ ಐಎಸ್‌ಬಿಎನ್ ಎರಡು ಸಲ, ಎರಡು ಬೆಲೆಯಲ್ಲಿ ಇದ್ದರೆ ಪೋಸ್ಟ್‌ಗ್ರೆಸ್ ಎರರ್ ಕೊಡುವುದಿಲ್ಲ. ಎರಡರಲ್ಲಿ ಒಂದನ್ನು ಹಾಕಿ ಸುಮ್ಮನಾಗುತ್ತದೆ, ಯಾವುದನ್ನು ಅಂತ ಮೊದಲೇ ಹೇಳಲು ಬರುವುದಿಲ್ಲ. ಗ್ರೂಪ್ ಬೈನಿಂದ ಒಂದೇ ನಂಬರಿನ ಸಾಲುಗಳನ್ನು ಒಟ್ಟುಗೂಡಿಸಿ ಎಣಿಸಿ, ಒಂದಕ್ಕಿಂತ ಹೆಚ್ಚು ಸಲ ಬಂದ ನಂಬರನ್ನು ಮೊದಲೇ ಹಿಡಿಯುವುದು ಒಳ್ಳೆಯದು. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಿಂದ ಇದೇ ಕೆಲಸಕ್ಕೆ ಮರ್ಜ್ ಎಂಬ ಆಜ್ಞೆ ಕೂಡ ಇದೆ. ಅದು ಒಂದೇ ಸಾಲನ್ನು ಎರಡು ಸಲ ಬದಲಿಸಲು ಹೋದರೆ ಎರರ್ ಕೊಟ್ಟು ನಿಲ್ಲಿಸುತ್ತದೆ, ಅದು ನನಗೆ ಬಹಳ ಹಿಡಿಸಿತು.

ಇಷ್ಟಾದ ಮೇಲೆ ಬಿಗಿನ್ (ಇಲ್ಲಿಂದ ಮಾಡಿದ್ದನ್ನು ಬೇಕಾದರೆ ರದ್ದು ಮಾಡಬಹುದು), ಆಮೇಲೆ ಅಪ್‌ಡೇಟ್. ವೇರ್‌ನಲ್ಲಿ 'ಈಸ್ ಡಿಸ್ಟಿಂಕ್ಟ್ ಫ್ರಮ್' ಬಳಸಿ, ಬೆಲೆ ನಿಜವಾಗಿ ಬದಲಾದ ಸಾಲುಗಳನ್ನಷ್ಟೇ ಮುಟ್ಟುತ್ತೇನೆ, ಯಾಕೆಂದರೆ ಬೆಲೆ ಅದೇ ಇದ್ದರೂ ಪೋಸ್ಟ್‌ಗ್ರೆಸ್ ಪ್ರತಿ ಸಾಲಿನ ಹೊಸ ಪ್ರತಿ ಬರೆಯುತ್ತದೆ. ಎಷ್ಟು ಸಾಲು ಬದಲಾಯಿತು ಅಂತ ತೆರೆಯ ಮೇಲೆ ಬರುತ್ತದಲ್ಲ, ಅದು ಇದೇ ವೇರ್ ಹಾಕಿ ಮೊದಲೇ ಓಡಿಸಿದ ಸೆಲೆಕ್ಟ್‌ನ ಎಣಿಕೆಗೆ ಸರಿಹೊಂದಿದರೆ ಕಮಿಟ್ (ಕಾಯಂ), ಇಲ್ಲದಿದ್ದರೆ ರೋಲ್‌ಬ್ಯಾಕ್ (ರದ್ದು). 'ಹೊಸಬೆಲೆ' ಟೇಬಲ್ಲನ್ನು ಮುಂದಿನ ಪಟ್ಟಿ ಬರುವ ತನಕ ಅಳಿಸುವುದಿಲ್ಲ. ಬೆಲೆ ಯಾಕೆ ಏರಿತು ಅಂತ ಯಾರಾದರೂ ಕೇಳಿದರೆ ತೆಗೆದು ತೋರಿಸಬಹುದು.