ಮೋಲ್ ಅಂದರೆ ತೂಕವಲ್ಲ, ಎಣಿಕೆ

ಅರಸೀಕೆರೆಯಲ್ಲಿ ನಮ್ಮಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಬೇಸಿಗೆ ರಜೆಯಲ್ಲಿ ನಾನೂ ಅಲ್ಲೇ ಕೂರುತ್ತಿದ್ದೆ. ಒಂದು ದಿನ ಬಡಗಿಯೊಬ್ಬರು ಬಂದು, ಒಂದಿಂಚಿನ ಸ್ಕ್ರೂ ಸಾವಿರ, ಅದಕ್ಕೆ ವಾಷರ್ ಸಾವಿರ ಬೇಕು ಅಂದರು. ನಾನು ಒಂದೊಂದಾಗಿ ಎಣಿಸಲು ಶುರು ಮಾಡಿದೆ. ಅಪ್ಪ ತಡೆದರು. ನೂರೇ ನೂರು ಸ್ಕ್ರೂ ಎಣಿಸಿ ತಕ್ಕಡಿಗೆ ಹಾಕಿದರು, 150 ಗ್ರಾಂ ಬಂತು. ನೂರು ವಾಷರ್ ಹಾಕಿದರು, 60 ಗ್ರಾಂ. ಅಷ್ಟೇ. ಆಮೇಲೆ ಎಣಿಸಲೇ ಇಲ್ಲ. ಒಂದೂವರೆ ಕಿಲೋ ಸ್ಕ್ರೂ, 600 ಗ್ರಾಂ ವಾಷರ್ ತೂಗಿ ಪೊಟ್ಟಣ ಕಟ್ಟಿಕೊಟ್ಟರು.

ಎರಡು ಪೊಟ್ಟಣದ ತೂಕ ಬೇರೆ ಬೇರೆ. ಒಳಗಿರುವ ಲೆಕ್ಕ ಒಂದೇ. ಈಗ ನಾನು ಮೊದಲ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೋಲ್ ಪಾಠ ಬಂದಾಗಲೆಲ್ಲ ಆ ಎರಡು ಪೊಟ್ಟಣದಿಂದಲೇ ಶುರು ಮಾಡುತ್ತೇನೆ.

ಪರಮಾಣುವನ್ನು ಕೈಯಲ್ಲಿ ಎಣಿಸಲು ಆಗುವುದಿಲ್ಲ. ಆದರೆ ತೂಗಬಹುದು. ತೂಕದಿಂದ ಎಣಿಕೆಗೆ ಹೋಗಲು ಇರುವ ದಾರಿಯೇ ಮೋಲ್. ಡಜನ್ ಅಂದರೆ 12, ಗ್ರೋಸ್ ಅಂದರೆ 144, ಹಾಗೆಯೇ ಮೋಲ್ ಅಂದರೆ 6.022 × 10²³. ಡಜನ್ ಬಾಳೆಹಣ್ಣು ಇರಬಹುದು, ಡಜನ್ ಬಳೆ ಇರಬಹುದು. ಮೋಲ್ ಕೂಡ ಅಷ್ಟೇ, ಯಾವುದನ್ನು ಬೇಕಾದರೂ ಎಣಿಸಬಹುದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಕಿವಿಗೆ ಮೊದಲ ದಿನ ಇದು ಹೂವಿನ ಮೊಳದ ಹಾಗೆ ಕೇಳುತ್ತದೆ. ಆ ಮೊಳ ಮಾರುವವರ ಕೈ ಉದ್ದವಿದ್ದಷ್ಟು. ಮೋಲ್ ಹಾಗಲ್ಲ. 2019ರ ಮೇ 20ರಿಂದ ಅದರ ಬೆಲೆ 6.02214076 × 10²³ ಅಂತ ಜಗತ್ತಿಗೆಲ್ಲ ಒಂದೇ ಆಗಿ ನಿಗದಿಯಾಗಿದೆ.

ಈ ಸಂಖ್ಯೆ ಎಷ್ಟು ದೊಡ್ಡದು ಅಂತ ಒಮ್ಮೆ ನಿಧಾನವಾಗಿ ನೋಡಿ. ನಮ್ಮ ಲೆಕ್ಕದಲ್ಲಿ ಹೇಳಿದರೆ 602 ಕೋಟಿ ಕೋಟಿ ಕೋಟಿ. ಒಂದು ಕಿಲೋ ಅಕ್ಕಿಯಲ್ಲಿ ಸುಮಾರು 50,000 ಕಾಳು ಇದೆ ಅಂತ ಇಟ್ಟುಕೊಳ್ಳಿ. ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 50 ಕೋಟಿ ಟನ್. ಆ ಲೆಕ್ಕದಲ್ಲಿ ಒಂದು ಮೋಲ್ ಅಕ್ಕಿಕಾಳು ಕೂಡಿಡಲು ಎರಡು ಕೋಟಿಗೂ ಜಾಸ್ತಿ ವರ್ಷ ಬೇಕು. ಆದರೆ ಒಂದು ಮೋಲ್ ನೀರಿನ ಅಣು? 18 ಗ್ರಾಂ. ಒಂದು ಗುಟುಕು. ಅಣು ಎಷ್ಟು ಚಿಕ್ಕದು ಅನ್ನುವುದು ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗಲೇ ಮನಸ್ಸಿಗೆ ಇಳಿಯುವುದು.

18 ಎಲ್ಲಿಂದ ಬಂತು? ಪರಮಾಣು ತೂಕದ ಪಟ್ಟಿಯಿಂದ. ಹೈಡ್ರೋಜನ್ 1, ಆಕ್ಸಿಜನ್ 16. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. 2 + 16 = 18. ಆ ಸಂಖ್ಯೆಯ ಮುಂದೆ ಗ್ರಾಂ ಅಂತ ಬರೆದರೆ ಒಂದು ಮೋಲ್ ನೀರಿನ ತೂಕ ಸಿಕ್ಕಿತು. ಇದಕ್ಕೆ ಮೋಲಾರ್ ರಾಶಿ ಅನ್ನುತ್ತಾರೆ. ಹೀಗೆ ಸಲೀಸಾಗಿ ಹೊಂದಿದ್ದು ಅಕಸ್ಮಾತ್ ಅಲ್ಲ. ಮೊದಲು 12 ಗ್ರಾಂ ಇಂಗಾಲ-12ರಲ್ಲಿ, ಅಂದರೆ ಪರಮಾಣು ತೂಕ 12 ಇರುವ ಬಗೆಯ ಇಂಗಾಲದಲ್ಲಿ, ಎಷ್ಟು ಪರಮಾಣು ಇದೆಯೋ ಅಷ್ಟಕ್ಕೇ ಮೋಲ್ ಅಂತ ಹೆಸರಿಟ್ಟಿದ್ದರು. ಈಗಿನ ಸಂಖ್ಯೆಯನ್ನೂ ಅದಕ್ಕೆ ಹೊಂದುವ ಹಾಗೇ ಆರಿಸಿದ್ದಾರೆ. ಅಂದಹಾಗೆ, ಈ ಸಂಖ್ಯೆಗೆ ಇಟಲಿಯ ವಿಜ್ಞಾನಿ ಆವೊಗಾಡ್ರೋ ಹೆಸರು ಇದ್ದರೂ ಅದನ್ನು ಕಂಡುಹಿಡಿದದ್ದು ಅವರಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಒಂದೇ ಗಾತ್ರದ ಅನಿಲಗಳಲ್ಲಿ ಅಣುಗಳ ಲೆಕ್ಕವೂ ಒಂದೇ ಅಂತ ಅವರು 1811ರಲ್ಲಿ ಹೇಳಿದರು. ಸಂಖ್ಯೆ ಎಷ್ಟು ಅಂತ ತಿಳಿಯದೆಯೇ 1856ರಲ್ಲಿ ತೀರಿಕೊಂಡರು. ಅವರ ಹೆಸರಿಟ್ಟು ಗೌರವಿಸಿದವರು ಫ್ರಾನ್ಸಿನ ಜೀನ್ ಪೆರಿನ್, 1909ರಲ್ಲಿ.

ಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಕೆಲಸ ಮಾಡಿ. ಒಂದು ಲೋಟದಲ್ಲಿ 18 ಗ್ರಾಂ ನೀರು, ಇನ್ನೊಂದರಲ್ಲಿ 58.5 ಗ್ರಾಂ ಉಪ್ಪು, ಮತ್ತೊಂದರಲ್ಲಿ 342 ಗ್ರಾಂ ಸಕ್ಕರೆ ತೂಗಿಡಿ. ನೀರು ತಳದಲ್ಲಿ ಒಂದಿಷ್ಟು ಇರುತ್ತದೆ ಅಷ್ಟೇ. ಸಕ್ಕರೆ ದೊಡ್ಡ ಲೋಟವೇ ತುಂಬಿ ಮೇಲೆ ಬರುತ್ತದೆ. ಮೂರೂ ಒಂದೊಂದು ಮೋಲ್. ಉಪ್ಪಿನಲ್ಲಿ ಮಾತ್ರ ಅಣು ಅನ್ನಬಾರದು, ಒಂದು ಸೋಡಿಯಂ ಒಂದು ಕ್ಲೋರಿನ್ ಸೇರಿದ ಜೋಡಿಗಳ ಲೆಕ್ಕ ಅದು. ಈ ಮೂರು ಲೋಟವನ್ನು ಒಮ್ಮೆ ಕಣ್ಣಾರೆ ನೋಡಿದ ಮಕ್ಕಳು ತೂಕವನ್ನೂ ಎಣಿಕೆಯನ್ನೂ ಆಮೇಲೆ ಕಲಸಿಕೊಂಡಿದ್ದನ್ನು ನಾನು ನೋಡಿದ್ದು ಕಡಿಮೆ.

ಈಗ ಲೆಕ್ಕ ಮಾಡುವ ಬಗೆ. ಗ್ರಾಂನಿಂದ ಮೋಲ್‌ಗೆ ಹೋಗಬೇಕಾದರೆ ಮೋಲಾರ್ ರಾಶಿಯಿಂದ ಭಾಗಿಸಿ. ಮೋಲ್‌ನಿಂದ ಗ್ರಾಂಗೆ ಬರಬೇಕಾದರೆ ಅದರಿಂದಲೇ ಗುಣಿಸಿ. ಮೋಲ್‌ನಿಂದ ಅಣುಗಳ ಲೆಕ್ಕ ಬೇಕಾದರೆ 6.022 × 10²³ರಿಂದ ಗುಣಿಸಿ. ಭಾಗಿಸಬೇಕೋ ಗುಣಿಸಬೇಕೋ ಅಂತ ಗೊಂದಲ ಆಗುವುದು ಸಹಜ. ಬಾಯಿಪಾಠ ಮಾಡಬೇಡಿ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದು ಏನು ಅಂತ ಬರೆಯಿರಿ. ಬರೀ 18 ಅಲ್ಲ, 18 ಗ್ರಾಂ, 1 ಮೋಲ್‌ಗೆ. ಮೇಲೊಂದು ಗ್ರಾಂ ಕೆಳಗೊಂದು ಗ್ರಾಂ ಹೊಡೆದುಹೋಗಿ ಮೋಲ್ ಉಳಿದರೆ ನೀವು ಸರಿ ದಾರಿಯಲ್ಲಿದ್ದೀರಿ.

ಕಾಫಿಗೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಾಕಿದಿರಿ ಅನ್ನಿ. 10ನ್ನು 342ರಿಂದ ಭಾಗಿಸಿದರೆ 0.0292 ಮೋಲ್. ಅದನ್ನು 6.022 × 10²³ರಿಂದ ಗುಣಿಸಿದರೆ 1.76 × 10²² ಅಣು. ಇಲ್ಲಿಗೆ ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ಪ್ರಶ್ನೆ ಓದಿ ತೀರ್ಮಾನಿಸಿ. ಆಕ್ಸಿಜನ್ ಪರಮಾಣು ಎಷ್ಟು ಅಂತ ಕೇಳಿದ್ದರೆ ಇನ್ನೊಂದು ಹೆಜ್ಜೆ ಇದೆ. ಸಕ್ಕರೆಯ ಒಂದು ಅಣುವಿನಲ್ಲಿ 11 ಆಕ್ಸಿಜನ್. ಆದ್ದರಿಂದ 11ರಿಂದ ಗುಣಿಸಿ, 1.94 × 10²³.

ಯಾವುದರ ಮೋಲ್ ಅಂತ ಕೇಳಿಕೊಳ್ಳುವುದು ಬಹಳ ಮುಖ್ಯ. ನಾನು ಪಿಯುಸಿಯಲ್ಲಿದ್ದಾಗ 2 ಮೋಲ್ ಆಕ್ಸಿಜನ್ ಅನಿಲದ ತೂಕ 32 ಗ್ರಾಂ ಅಂತ ಬರೆದು ಬಂದಿದ್ದೆ. ಅನಿಲದಲ್ಲಿ ಆಕ್ಸಿಜನ್ ಜೋಡಿಯಾಗಿರುತ್ತದೆ, ಒಂದು ಮೋಲ್‌ಗೇ 32 ಗ್ರಾಂ. ಉತ್ತರ 64 ಆಗಬೇಕಿತ್ತು. ಆ ಪರೀಕ್ಷೆಯಲ್ಲಿ ಮುಂದಿನ ಮೂರು ಲೆಕ್ಕವೂ ಅದರ ಮೇಲೇ ನಿಂತಿದ್ದವು. ಮನೆಗೆ ಬಂದು ಅತ್ತಿದ್ದೆ. ಅದಕ್ಕೇ ಈಗ ಮಕ್ಕಳಿಗೆ ಮೋಲ್ ಅಂತ ಬರೆದ ಕಡೆಯೆಲ್ಲ ಪಕ್ಕದಲ್ಲಿ ಅಣುವೋ ಪರಮಾಣುವೋ ಅಂತಲೂ ಬರೆಸುತ್ತೇನೆ.

ಅನಿಲದ ಗಾತ್ರದ ಬಗ್ಗೆ ಒಂದೇ ಮಾತು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಅನಿಲ 22.4 ಲೀಟರ್. ಒತ್ತಡ 1 ಬಾರ್ ಆದರೆ 22.7 ಲೀಟರ್. ಎರಡೂ ಸರಿ. ಪ್ರಶ್ನೆಯಲ್ಲಿ ಯಾವ ಒತ್ತಡ ಕೊಟ್ಟಿದ್ದಾರೆ ನೋಡಿಕೊಳ್ಳಿ.

ನಿಜವಾದ ತೊಡಕು ಬರುವುದು ಸಮೀಕರಣದಲ್ಲಿ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು. ಇದನ್ನು ನೋಡಿದ ತಕ್ಷಣ ಅರ್ಧ ತರಗತಿ 10 ಗ್ರಾಂ ಹೈಡ್ರೋಜನ್‌ಗೆ 5 ಗ್ರಾಂ ಆಕ್ಸಿಜನ್ ಸಾಕು ಅನ್ನುತ್ತದೆ. ಆಗ ನಾನು ಮತ್ತೆ ಅಂಗಡಿಗೆ ಹೋಗುತ್ತೇನೆ. ಬಾಗಿಲಿನ ಒಂದು ಹಿಂಜಸ್‌ಗೆ ಆರು ಸ್ಕ್ರೂ ಬೇಕು. ಹಾಗಂತ ಒಂದು ಕಿಲೋ ಹಿಂಜಸ್ ಕೊಂಡವರಿಗೆ ಆರು ಕಿಲೋ ಸ್ಕ್ರೂ ಕೊಡುತ್ತೇವಾ? ಇಲ್ಲ ಅಲ್ವಾ. ಒಂದಕ್ಕೆ ಆರು ಅನ್ನುವುದು ಎಣಿಕೆಯ ಮಾತು. ಸಮೀಕರಣದ ಸಂಖ್ಯೆಗಳೂ ಎಣಿಕೆಯ ಮಾತೇ. ಗ್ರಾಂ ಹಿಡಿದುಕೊಂಡು ಸಮೀಕರಣದೊಳಗೆ ಹೋಗಬಾರದು. ಮೊದಲು ಮೋಲ್ ಮಾಡಿಕೊಳ್ಳಬೇಕು. ಹೈಡ್ರೋಜನ್ ಅನಿಲವೂ ಜೋಡಿಯೇ, ಒಂದು ಮೋಲ್‌ಗೆ 2 ಗ್ರಾಂ. ಆದ್ದರಿಂದ 10 ಗ್ರಾಂ ಹೈಡ್ರೋಜನ್ ಅಂದರೆ 5 ಮೋಲ್. ಅದಕ್ಕೆ ಅರ್ಧ, 2.5 ಮೋಲ್ ಆಕ್ಸಿಜನ್. ಈಗ ಗ್ರಾಂಗೆ ಬನ್ನಿ, 2.5 × 32 = 80 ಗ್ರಾಂ. ಐದು ಗ್ರಾಂ ಎಲ್ಲಿ, ಎಂಬತ್ತು ಗ್ರಾಂ ಎಲ್ಲಿ! ನೀರು ಎಷ್ಟಾಯಿತು? 5 ಮೋಲ್, 90 ಗ್ರಾಂ. 10 ಮತ್ತು 80 ಕೂಡಿದರೂ 90. ಹೀಗೆ ಕೂಡಿ ನೋಡುವ ಅಭ್ಯಾಸ ಬಿಡಬೇಡಿ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಸುಣ್ಣದ ಗೂಡಿನ ಲೆಕ್ಕವೂ ಇದೇ. ಸುಣ್ಣದ ಕಲ್ಲಿನ ಮೋಲಾರ್ ರಾಶಿ 100, ಸುಟ್ಟಾಗ ಉಳಿಯುವ ಸುಣ್ಣದ್ದು 56, ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡ್‌ನದು 44. ಒಂದಕ್ಕೆ ಒಂದು. 250 ಗ್ರಾಂ ಶುದ್ಧ ಕಲ್ಲು ಸುಟ್ಟರೆ ಎಷ್ಟು ಸುಣ್ಣ ಅಂತ ನೀವೇ ಮಾಡಿ ನೋಡಿ. 140 ಗ್ರಾಂ ಬರಬೇಕು.

ಕಳೆದ ವರ್ಷ ನಮ್ಮ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿದ್ದ ಯೂರಿಯಾ ಚೀಲದ ಮೇಲಿನ ಬರಹ ನೋಡಿಕೊಂಡು ಬಂದಿದ್ದಳು. 45 ಕಿಲೋ, ಸಾರಜನಕ 46%. ಬೋರ್ಡಿನ ಮೇಲೆ ಅವಳೇ ಬರೆದಳು. ಯೂರಿಯಾ 60 ಗ್ರಾಂಗೆ ಒಂದು ಮೋಲ್. 45,000ನ್ನು 60ರಿಂದ ಭಾಗಿಸಿದರೆ 750 ಮೋಲ್. ಒಂದು ಅಣುವಿನಲ್ಲಿ ಎರಡು ಸಾರಜನಕ, ಆದ್ದರಿಂದ 1500 ಮೋಲ್ ಪರಮಾಣು. ಒಂದೊಂದು ಮೋಲ್‌ಗೆ 14 ಗ್ರಾಂ, ಒಟ್ಟು 21 ಕಿಲೋ. ಚೀಲದ ಲೆಕ್ಕದ ಪ್ರಕಾರ 20.7 ಕಿಲೋ. ಆ 300 ಗ್ರಾಂ ಎಲ್ಲಿ ಹೋಯಿತು ಅಂತ ಅವಳೇ ಕೇಳಿದಳು. ಗೊಬ್ಬರ ಪೂರ್ತಿ ಶುದ್ಧ ಇರುವುದಿಲ್ಲ, ಸ್ವಲ್ಪ ತೇವವೂ ಇರುತ್ತದೆ ಅಂದೆ. ಹಾಗಾದರೆ ನಮ್ಮಪ್ಪನಿಗೆ ಹೇಳ್ತೀನಿ, ಚೀಲದ ಮೇಲೆ ಬರೆದದ್ದು ಸರಿ ಇದೆ ಅಂತ, ಅಂದು ಹೋಗಿ ಕೂತಳು.